ಬಚ್ಚಲ ಮೋರಿಯ ಗುಳುಗುಳು: ನೆಲ ಒಡೆಸುವ ಮುಂಚೆ ಚೇಂಬರ್ ತೆರೆಸಿ

ಪ್ರಶ್ನೆ: "ಸರ, ನಮ್ಮ ಮನಿ ಕಟ್ಟಿ 23 ವರ್ಷ ಆಗ್ಯಾವ. ಮೂರು ತಿಂಗಳಿಂದ ವಾಷಿಂಗ್ ಮಷಿನ್ ನೀರು ಬಿಟ್ಟಾಗೆಲ್ಲ ಬಚ್ಚಲ ಮೋರಿ ಗುಳುಗುಳು ಅಂತದ. ಒಮ್ಮೊಮ್ಮೆ ಸಾಬೂನಿನ ನೊರಿ ಮೇಲೆ ಬಂದು ತಾನೇ ಇಳದು ಹೋಗ್ತದ. ಸಂಜಿ ಆದ್ರ ಹಿತ್ತಲ ಕಡಿ ವಾಸನಿ. ಬೇವಿನ ಗಿಡದ ಬಾಜೂಕ ಶಹಾಬಾದ್ ಪರಸಿ ಎರಡು ಬೆರಳು ಕುಂತದ. ಸಂಡಾಸದಾಗ ಮಾತ್ರ ನೀರು ಛಲೋ ಹೋಗ್ತದ. ಪ್ಲಂಬರ್ ಬಂದು ವಾರಕ್ಕೊಮ್ಮೆ ಆ್ಯಸಿಡ್ ಹಾಕ್ರಿ ಅಂದ. ಗೌಂಡಿ ನೋಡಿ ರಸ್ತೆ ತನಕ 40 ಫೂಟ್ ಪೂರಾ ಲೈನ್ ಒಡದು ಹೊಸಾದು ಹಾಕಬೇಕಂತಾನ. ಬಾಜೂ ಮನಿಯವರು ಬ್ಯಾಸಗಿಗೆ ಹಿಂಗೇ, ಮಳಿ ಬಂದ್ರ ಸರಿ ಹೋಗ್ತದ ಅಂತಾರ. ಲೈನಿನಿಂದ 25 ಫೂಟಿಗೆ ನಮ್ಮ ಬೋರ್ ಅದ, ಅದೇ ನೀರು ಕುಡಿತೀವಿ. ಯಾರ ಮಾತು ಕೇಳಬೇಕ್ರಿ?" (ಓದುಗರೊಬ್ಬರು, ಕಲಬುರಗಿ)

ಉತ್ತರ: ಮೊದಲು ಬೋರ್‌ನ ಮಾತು, ಅದು ಕಾಯುವ ವಿಷಯವಲ್ಲ. ಲೈನ್ ಸೋರುತ್ತಿದೆಯೋ ಇಲ್ಲವೋ ಗೊತ್ತಾಗುವ ತನಕ ಆ ನೀರನ್ನು ಹಾಗೇ ಕುಡಿಯಬೇಡಿ. ಚೆನ್ನಾಗಿ ಕೊತಕೊತ ಕುದಿಸಿ, ಆರಿಸಿ ಕುಡಿಯಿರಿ. ಕೈಗೂಸು ಇದ್ದರೆ ಅದಕ್ಕೆ ಬೇರೆ ಕಡೆಯ ನೀರೇ ಬಳಸಿ. ಕುದಿಸಿದರೆ ರೋಗಾಣು ಸಾಯುತ್ತವೆ, ನೈಟ್ರೇಟ್ ಮಾತ್ರ ಹೋಗುವುದಿಲ್ಲ. ನೀರು ಪರೀಕ್ಷಾ ಪ್ರಯೋಗಾಲಯದಿಂದ ಅವರದೇ ಶುದ್ಧ ಬಾಟಲಿ ತಂದು, ತುಂಬಿದ ದಿನವೇ ಮುಟ್ಟಿಸಿ. ಕೋಲಿಫಾರ್ಮ್, ಇ. ಕೋಲಿ (ಇವೆರಡೂ ಮಲಿನತೆ ತೋರಿಸುವ ಬ್ಯಾಕ್ಟೀರಿಯಾ), ನೈಟ್ರೇಟ್, ಕ್ಲೋರೈಡ್ ಈ ನಾಲ್ಕನ್ನೂ ಕೇಳಿ. ಕುಡಿಯುವ ನೀರಿನ ಮಾನದಂಡ ಐಎಸ್ 10500ರ ಪ್ರಕಾರ 100 ಮಿಲಿಲೀಟರ್‌ನಲ್ಲಿ ಇ. ಕೋಲಿ ಒಂದೂ ಸಿಗಬಾರದು, ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ದಾಟಬಾರದು. ನೀರು ತಿಳಿಯಾಗಿದೆ, ವಾಸನೆ ಇಲ್ಲ ಎಂಬುದನ್ನು ನಂಬಬೇಡಿ. ಗಟಾರದ ನೀರು ಮಣ್ಣಿನಲ್ಲಿ ಸೋಸಿ ಬಂದಾಗ ಬಣ್ಣ ವಾಸನೆ ಹೋಗಿರುತ್ತವೆ, ಉಳಿದದ್ದು ಉಳಿದಿರುತ್ತದೆ.

ಈಗ ಮೂವರ ಮಾತಿಗೆ ಬರೋಣ. ಬಾಜೂ ಮನೆಯವರ ಮಾತಿನಲ್ಲಿ ಅರ್ಧ ನಿಜವಿದೆ. ನಮ್ಮ ಕಡೆಯ ಬೇಸಿಗೆಯಲ್ಲಿ ಬಳಸದ ಬಚ್ಚಲಿನಿಂದ ವಾಸನೆ ಬರುವುದು ಸಹಜ. ಮೋರಿಯ ಕೆಳಗಿರುವ ನಹಾಣಿ ಟ್ರ್ಯಾಪಿನಲ್ಲಿ ಸುಮಾರು ಎರಡು ಇಂಚು ನೀರು ಸದಾ ನಿಂತಿರುತ್ತದೆ. ಗಟಾರದ ಗಾಳಿಗೆ ಅದೇ ಬಾಗಿಲು. 42 ಡಿಗ್ರಿ ಒಣ ಬಿಸಿಲಿನಲ್ಲಿ ಕೆಲವು ವಾರ ನೀರು ಬೀಳದಿದ್ದರೆ ಆ ನೀರು ಆರಿಹೋಗುತ್ತದೆ. ಊರಿಗೆ ಹೋಗಿ ಬಂದಾಗ ಮನೆಯೆಲ್ಲ ನಾರುವುದು ಇದಕ್ಕೇ. ಒಂದು ಬಕೆಟ್ ನೀರು ಸುರಿದರೆ ಹತ್ತು ನಿಮಿಷದಲ್ಲಿ ವಾಸನೆ ನಿಂತರೆ ಅದು ರೋಗವೇ ಅಲ್ಲ. ಆದರೆ ನಿಮ್ಮದು ದಿನಾ ಬಳಸುವ ಬಚ್ಚಲ. ಅಲ್ಲಿ ಟ್ರ್ಯಾಪ್ ಆರುವುದಿಲ್ಲ. ಜೊತೆಗೆ ನೊರೆ ಮೇಲೆ ಬರುತ್ತಿದೆ, ಪರಸಿ (ನೆಲಹಾಸು ಕಲ್ಲು) ಕೂತಿದೆ. ಇದು ಮಳೆಗೆ ಸರಿಹೋಗುವುದಲ್ಲ, ಮಳೆಗೆ ಹೆಚ್ಚಾಗುವುದು.

ಗುಳುಗುಳು ಯಾಕೆ ಅಂತ ತಿಳಿದರೆ ಮುಂದಿನದೆಲ್ಲ ಸುಲಭ. ಪೈಪಿನೊಳಗೆ ನೀರಿಗಿಂತ ಗಾಳಿ ಹೆಚ್ಚು. ಮಷಿನ್ ಒಂದೆರಡು ನಿಮಿಷದಲ್ಲಿ ಹತ್ತಾರು ಲೀಟರ್ ನೀರನ್ನು ಒಮ್ಮೆಲೇ ದೂಡುತ್ತದೆ. ಮುಂದೆ ಇದ್ದ ಗಾಳಿ ಲೈನಿನಲ್ಲೇ ಸಾಗಿ ಹೋಗಬೇಕು. ಮುಂದೆ ಎಲ್ಲೋ ದಾರಿ ಸಣ್ಣದಾಗಿದ್ದರೆ ನೀರು ಅಲ್ಲಿ ತುಂಬಿ ನಿಲ್ಲುತ್ತದೆ, ಗಾಳಿ ಹಿಂದಕ್ಕೆ ತಿರುಗಿ ಎಲ್ಲಕ್ಕಿಂತ ತಗ್ಗಿನಲ್ಲಿರುವ ಬಾಯಿಂದ, ಅಂದರೆ ಬಚ್ಚಲ ಮೋರಿಯಿಂದ, ಗುಳ್ಳೆ ಎಬ್ಬಿಸಿಕೊಂಡು ಬರುತ್ತದೆ. ನೀರು ಇನ್ನೂ ಹೆಚ್ಚಾದರೆ ನೊರೆಯೂ ಬರುತ್ತದೆ. ಸಂಡಾಸದಲ್ಲಿ ನೀರು ಛಲೋ ಹೋಗುತ್ತಿದೆ ಎಂಬುದರಿಂದ ಸಮಾಧಾನ ಪಡಬೇಡಿ. ಅದರ ಬಾಯಿ ಮೋರಿಗಿಂತ ಎತ್ತರದಲ್ಲಿದೆ, ಒಂದು ಸಲಕ್ಕೆ ಬೀಳುವ ನೀರೂ 6ರಿಂದ 10 ಲೀಟರ್ ಅಷ್ಟೇ. ಲೈನ್ ಮುಕ್ಕಾಲು ಮುಚ್ಚಿದ ಮೇಲೂ ಸಂಡಾಸ ಸುಳ್ಳು ಧೈರ್ಯ ಕೊಡುತ್ತಲೇ ಇರುತ್ತದೆ. ಅದು ನಿಂತ ದಿನ ನೀವು ಕಂಡದ್ದು ಮೊದಲ ಸೂಚನೆಯಲ್ಲ, ಕೊನೆಯದು.

ಒಂದೇ ಮೋರಿ ಕಟ್ಟಿದೆಯೋ, ಇಡೀ ಲೈನಿನದೋ ಎಂದು ತಿಳಿಯಲು ಎರಡು ಬಕೆಟ್ ಸಾಕು. ಮಷಿನ್ ಬಂದ್ ಇರಲಿ. ಅಡುಗೆಮನೆ ಸಿಂಕಿಗೆ ಎರಡು ಬಕೆಟ್ ನೀರನ್ನು ನಿಲ್ಲಿಸದೆ ಸುರಿಯಿರಿ, ಒಬ್ಬರು ಬಚ್ಚಲ ಮೋರಿ ಹತ್ತಿರ ನಿಂತು ನೋಡಲಿ. ಐದು ನಿಮಿಷ ಬಿಟ್ಟು ಸಂಡಾಸಕ್ಕೂ ಹಾಗೇ ಸುರಿಯಿರಿ. ಎರಡಕ್ಕೂ ಮೋರಿ ಮಾತಾಡಿದರೆ ಎಲ್ಲ ಕೂಡಿ ಹರಿಯುವ ದೊಡ್ಡ ಲೈನಿನಲ್ಲೇ ಅಡ್ಡಿ. ಮಷಿನ್ ನೀರಿಗೆ ಮಾತ್ರ ಮಾತಾಡಿದರೆ ಮಷಿನ್ ಮತ್ತು ಬಚ್ಚಲ ಕೂಡುವ ಸಣ್ಣ ಪೈಪಿನಲ್ಲಿ ಕೂದಲು, ಸಾಬೂನಿನ ಗಸಿ ಕೂತಿದೆ. ನಮ್ಮ ಬೋರ್‌ಗಳ ಗಡಸು ನೀರಿನಲ್ಲಿ ಸಾಬೂನು ಕರಗುವ ಬದಲು ಮೊಸರಿನಂತೆ ಒಡೆದು ಪೈಪಿಗೆ ಅಂಟುತ್ತದೆ, ಅದಕ್ಕೆ ಈ ಭಾಗದ ಬಚ್ಚಲ ಪೈಪು ಬೇಗ ಸಣ್ಣದಾಗುತ್ತದೆ. ಅಂಥದ್ದಾದರೆ ಟ್ರ್ಯಾಪಿನ ಜಾಳಿಗೆ ಎತ್ತಿ, ಕೈಗವಸು ಹಾಕಿ ಕೂದಲು ತೆಗೆದು, ತೆಳು ಸ್ಪ್ರಿಂಗ್ ಆಡಿಸಿದರೆ ಮುಗಿಯಿತು.

ಹಾಗೇ ಒಮ್ಮೆ ಮಾಳಿಗೆ ಹತ್ತಿ ವೆಂಟ್ ಪೈಪಿನ ಬಾಯಿ ನೋಡಿ. ಹಕ್ಕಿಗೂಡೋ ಚೆಂಡೋ ಸಿಕ್ಕಿಕೊಂಡು ಗಾಳಿದಾರಿ ಕಟ್ಟಿದ್ದರೂ ಮೋರಿ ಗುಳುಗುಡುತ್ತದೆ. ಆಗ ಶಬ್ದ ಮಾತ್ರ ಬರುತ್ತದೆ, ನೀರು ಸರಾಗ ಇಳಿಯುತ್ತದೆ, ಚೇಂಬರ್ (ಲೈನ್ ನೋಡಲು, ಸ್ವಚ್ಛ ಮಾಡಲು ನೆಲದಲ್ಲಿ ಕಟ್ಟಿದ ಮುಚ್ಚಳದ ಗುಂಡಿ) ಖಾಲಿ ಇರುತ್ತದೆ.

ಇನ್ನು ಚೇಂಬರ್. ಗೌಂಡಿ ಹಾರೆ ಎತ್ತುವ ಮುಂಚೆ ಆಗಬೇಕಾದ ಕೆಲಸ ಇದೇ. 40 ಫೂಟ್ ಲೈನಿಗೆ ಕನಿಷ್ಠ ಎರಡು ಚೇಂಬರ್ ಇರಬೇಕು, ಒಂದು ಬಚ್ಚಲ-ಸಂಡಾಸದ ಹತ್ತಿರ, ಇನ್ನೊಂದು ಕಾಂಪೌಂಡ್ ಗೋಡೆಯ ಒಳಗೆ. ಹಳೇ ಮನೆಗಳಲ್ಲಿ ಅಂಗಳಕ್ಕೆ ಪರಸಿ ಹಾಕುವಾಗ ಒಂದನ್ನಾದರೂ ಮುಚ್ಚಿಬಿಟ್ಟಿರುತ್ತಾರೆ. ಕಬ್ಬಿಣದ ಸಲಾಕೆಯಿಂದ ಪರಸಿ ತಟ್ಟುತ್ತ ಹೋದರೆ ಡೊಳ್ಳು ಶಬ್ದ ಬರುವಲ್ಲಿ ಅದಿದೆ. ಬೆಳಿಗ್ಗೆ ಎದ್ದ ಕೂಡಲೇ, ಯಾರೂ ನೀರು ಬಳಸುವ ಮುಂಚೆ ಎರಡನ್ನೂ ತೆರೆಸಿ. ಮುಚ್ಚಳ ಸರಿಸಿದ ಮೇಲೆ ಕಾಲು ಗಂಟೆ ಗಾಳಿಯಾಡಲಿ. ಬೀಡಿ, ಕಡ್ಡಿಪೆಟ್ಟಿಗೆ ಹತ್ತಿರ ಬೇಡ, ಮೀಥೇನ್ ಹೊತ್ತಿಕೊಳ್ಳುತ್ತದೆ. ಟಾರ್ಚ್ ಹಾಕಿ ಮೇಲಿಂದಲೇ ನೋಡಿ.

ಸರಿಯಿರುವ ಲೈನಿನಲ್ಲಿ ಆ ಹೊತ್ತಿಗೆ ಚೇಂಬರ್ ತಳದ ಅರ್ಧವೃತ್ತದ ಕಾಲುವೆ ಹೆಚ್ಚುಕಡಿಮೆ ಒಣಗಿರುತ್ತದೆ. ಮನೆ ಹತ್ತಿರದ್ದು ತುಂಬಿ ಗೋಡೆ ಹತ್ತಿರದ್ದು ಖಾಲಿ ಇದ್ದರೆ ಅಡ್ಡಿ ಎರಡರ ನಡುವೆ, ನಿಮ್ಮ ಅಂಗಳದಲ್ಲೇ. ಎರಡೂ ತುಂಬಿದ್ದರೆ ಅಡ್ಡಿ ಗೋಡೆಯ ಆಚೆ. ಆಗ ಬಾಜೂ ಮನೆಯವರ ಚೇಂಬರ್ ಕೂಡ ನೋಡಿಸಿ. ಅವರದೂ ತುಂಬಿದ್ದರೆ ರಸ್ತೆಯ ಯುಜಿಡಿ (ನೆಲದಡಿಯ ಒಳಚರಂಡಿ) ಕಟ್ಟಿದೆ, ಅದಕ್ಕೆ ಪಾಲಿಕೆಗೆ ದೂರು ಕೊಡಬೇಕು, ನಿಮ್ಮ ಅಂಗಳ ಅಗೆದು ಪ್ರಯೋಜನವಿಲ್ಲ. ಎರಡೂ ಖಾಲಿ ಇದ್ದರೆ ದೋಷ ಮನೆಯೊಳಗಿನ ಸಣ್ಣ ಪೈಪಿನದು ಇಲ್ಲವೇ ವೆಂಟಿನದು. ಈ ನೋಟಕ್ಕೆ ಅರ್ಧ ತಾಸು ಸಾಕು. ಇದನ್ನು ಮಾಡದೆ "ಪೂರಾ ಒಡೀಬೇಕು" ಅನ್ನುವುದು ನಾಡಿ ನೋಡದೆ ಆಪರೇಷನ್ ಬರೆದಂತೆ.

ನೀರಿನ ಮಟ್ಟಕ್ಕಿಂತಲೂ ಚೇಂಬರ್ ತಳದಲ್ಲಿ ಏನು ಕೂತಿದೆ ಎಂಬುದು ಹೆಚ್ಚು ಹೇಳುತ್ತದೆ. ಉದ್ದ ಸಲಿಕೆಯಲ್ಲಿ ಒಂದಿಷ್ಟು ಎತ್ತಿ ಪರಸಿ ಮೇಲೆ ಹರಡಿ ನೋಡಿ. ಬಿಳಿ-ಹಳದಿ ಮೇಣದಂಥ ಚಕ್ಕೆ ಇದ್ದರೆ ಅಡುಗೆಮನೆಯ ಎಣ್ಣೆ. ಅಂಟಾದ ಬೂದು ಗಸಿ ಇದ್ದರೆ ರೊಟ್ಟಿ ಹಿಟ್ಟು ನಾದುವ ಪಾತ್ರೆ (ಕೊಣಮಿಗೆ) ತೊಳೆದಾಗ ಹೋದ ಜೋಳದ ಹಿಟ್ಟು; ಅದು ಎಣ್ಣೆಯ ಜೊತೆ ಕೂಡಿದರೆ ಗೋಂದಾಗುತ್ತದೆ. ಬಟ್ಟೆ, ಪ್ಯಾಡ್, ಒದ್ದೆ ಟಿಶ್ಯೂ ಇದ್ದರೆ ಬಳಕೆಯ ತಪ್ಪು. ಇವೆಲ್ಲ ತೊಳೆದರೆ ಹೋಗುವಂಥವು. ಆದರೆ ಕರಿ ಮಣ್ಣು, ಸಣ್ಣ ಕಡಿ, ಕಂದು ಹೊಳಪಿನ ಪೈಪಿನ ಚೂರು ಕಂಡರೆ ಪೈಪು ಒಡೆದಿದೆ, ಮಣ್ಣು ಒಳಗೆ ಇಳಿಯುತ್ತಿದೆ ಎಂದೇ ಅರ್ಥ. ಕೂದಲಿನಂಥ ಕೆಂಪು-ಕಂದು ನಾರಿನ ಗೊಂಚಲು ಸಿಕ್ಕರೆ ಅದು ಬೇವಿನ ಬೇರು.

ನಿಮ್ಮ ಪತ್ರದ ವಿವರಗಳನ್ನು ಕೂಡಿಸಿ ನೋಡಿದರೆ ನನಗೆ ಅನುಮಾನ ಇರುವುದು ಬೇವಿನ ಗಿಡದ ಹತ್ತಿರದ ಒಂದೆರಡು ಜೋಡುಗಳ ಮೇಲೆ. 23 ವರ್ಷದ ಹಿಂದೆ ಇಲ್ಲಿ ಬಹಳ ಮನೆಗಳಿಗೆ ಕಂದು ಹೊಳಪಿನ ಸ್ಟೋನ್‌ವೇರ್ (ಸುಟ್ಟ ಜೇಡಿಮಣ್ಣಿನ) ಪೈಪು ಹಾಕುತ್ತಿದ್ದರು. ಒಂದೊಂದು ತುಂಡು 2ರಿಂದ 3 ಫೂಟು, ಹಾಗಾಗಿ 40 ಫೂಟಿನಲ್ಲಿ ಹದಿನೈದು ಇಪ್ಪತ್ತು ಜೋಡು. ಪ್ರತಿ ಜೋಡಿಗೂ ಸಿಮೆಂಟು. ಪೈಪು ನೂರು ವರ್ಷ ಬಾಳುವಂಥದ್ದು, ಸಿಮೆಂಟ್ ಜೋಡು ಮಾತ್ರ ನಮ್ಮ ಕರಿ ಎರೆಯಲ್ಲಿ ಬಾಳುವುದಿಲ್ಲ. ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಏಪ್ರಿಲ್-ಮೇ ಹೊಲದಲ್ಲಿ ಕೈ ತೂರುವಷ್ಟು ಬಿರುಕು ನೀವು ಕಂಡದ್ದೇ. ಅದೇ ಆಟ ಅಂಗಳದ ಪರಸಿ ಕೆಳಗೂ ನಡೆಯುತ್ತದೆ, ಒಂದೂವರೆ ಎರಡು ಫೂಟ್ ಆಳದ ಪೈಪು ಸರಿಯಾಗಿ ಆ ಪದರದಲ್ಲೇ ಇರುತ್ತದೆ. ಬೇಸಿಗೆಯಲ್ಲಿ ಕೆಳಗಿನ ಆಧಾರ ತಪ್ಪಿ ಪೈಪು ಜೋಲುತ್ತದೆ, ಮೃಗಶಿರಾ ಮಳೆಗೆ ಮಣ್ಣು ಮೇಲೆತ್ತುತ್ತದೆ. ಹತ್ತಿಪ್ಪತ್ತು ವರ್ಷ ಹೀಗೆ ಎತ್ತಿ ಇಳಿಸಿದರೆ ಬಿಗಿ ಸಿಮೆಂಟ್ ಕೂದಲೆಳೆ ಬಿಡದೆ ಏನು ಮಾಡೀತು? ಆ ಎಳೆಯಿಂದ ತೇವ ಹೊರಗೆ, ತೇವ ಹುಡುಕಿದ ಬೇರು ಒಳಗೆ. ಬೇರು ಗಟ್ಟಿ ಪೈಪನ್ನು ಒಡೆಯುವುದಿಲ್ಲ. ಮೊದಲೇ ಬಿಟ್ಟ ಜೋಡಿನಲ್ಲಿ ನುಗ್ಗಿ ದಪ್ಪವಾಗುತ್ತದೆ. ಬೇವಿನ ಗಿಡದ ಮೇಲೆ ತಪ್ಪು ಹೊರಿಸಿ ಕಡಿಸುವವರಿದ್ದಾರೆ, ಅದು ಅನ್ಯಾಯ.

ಪರಸಿ ಕೂತದ್ದು ಇದೇ ಕಥೆಯ ಮುಂದಿನ ಭಾಗ. ನೀರು ಹೊರಗೆ ಬಂದು ಹೋದಾಗೆಲ್ಲ ಪೈಪಿನ ಸುತ್ತಲಿನ ಮಣ್ಣು ಚೂರುಚೂರೇ ಪೈಪಿನೊಳಗೆ ಜಾರಿ ರಸ್ತೆ ಕಡೆ ಹರಿದುಹೋಗುತ್ತದೆ, ಮೇಲೆ ಪೊಳ್ಳಾಗುತ್ತದೆ. ಈ ಋತುವಿನಲ್ಲಿ ಇನ್ನೂ ಒಂದು ಗುರುತು ನೋಡಬಹುದು, ಇದು ಎರೆ ಭೂಮಿಯವರಿಗೆ ಮಾತ್ರ ಸಿಗುವ ಅನುಕೂಲ. ಹಿತ್ತಲ ಮಣ್ಣೆಲ್ಲ ಬಿರಿದಿದ್ದು, ಲೈನ್ ಹಾದಿಯಲ್ಲಿ ಒಂದು ಪಟ್ಟಿ ಮಾತ್ರ ಬಿರಿಯದೆ ತಣ್ಣಗಿದ್ದರೆ, ಅಲ್ಲಿ ಹುಲ್ಲು ಹಸಿರಾಗಿದ್ದರೆ, ಸೋರಿಕೆ ಅದರ ಕೆಳಗೇ ಇದೆ. ಚೇಂಬರ್ ಪಕ್ಕ ಹೆಗ್ಗಣ ಹೊಸ ಮಣ್ಣು ತೋಡಿ ಹಾಕಿದ್ದರೂ ಅಲ್ಲೇ ಎಲ್ಲೋ ಬಿರುಕಿದೆ ಎಂದು ತಿಳಿಯಿರಿ. ಮಳೆ ಬಿದ್ದ ಮೇಲೆ ಈ ಗುರುತೆಲ್ಲ ಅಳಿಸಿಹೋಗುತ್ತವೆ, ಅದಕ್ಕೆ ಈಗಲೇ ನೋಡಿ.

(ಬೀದರದ ಓದುಗರಿಗೆ ಒಂದು ಮಾತು: ನಿಮ್ಮಲ್ಲಿ ಎರೆಗಿಂತ ಜಂಬಿಟ್ಟಿಗೆ ಕಲ್ಲಿನ ಕೆಂಪು ನೆಲ ಹೆಚ್ಚು. ಅದು ಉಬ್ಬಿ ಕುಗ್ಗುವುದಿಲ್ಲ, ಪರಸಿ ಬೇಗ ಕೂರುವುದಿಲ್ಲ. ಆದರೆ ಕಲ್ಲೇ ರಂಧ್ರಮಯ, ಸೋರಿದ ನೀರು ಮೇಲೆ ಗುರುತು ತೋರಿಸದೆ ಬಾವಿ ಮುಟ್ಟುತ್ತದೆ. ನೌಬಾದಿನ ಸುರಂಗ ಬಾವಿಯಲ್ಲಿ ಶತಮಾನಗಳ ಕಾಲ ಕುಡಿಯುವ ನೀರು ಹರಿದದ್ದು ಇದೇ ಕಲ್ಲಿನೊಳಗೆ. ನೀರನ್ನು ಅಷ್ಟು ಸಲೀಸಾಗಿ ಒಯ್ಯುವ ನೆಲ ಗಟಾರದ ನೀರನ್ನೂ ಒಯ್ಯುತ್ತದೆ.)

ಪ್ಲಂಬರ್ ಹೇಳಿದ ಆ್ಯಸಿಡ್ ಮಾತ್ರ ದಯವಿಟ್ಟು ಬೇಡ. ಆ್ಯಸಿಡ್ ಬೇರನ್ನು ಕರಗಿಸುವುದಿಲ್ಲ, ಮಣ್ಣನ್ನು ಕರಗಿಸುವುದಿಲ್ಲ, ಬಟ್ಟೆಯನ್ನೂ ಇಲ್ಲ. ಕರಗಿಸುವುದು ಎರಡನ್ನು: ನಿಮ್ಮ ಜೋಡಿನ ಸಿಮೆಂಟು, ನಿಮ್ಮ ಶಹಾಬಾದ್ ಪರಸಿ. ಎರಡರಲ್ಲೂ ಸುಣ್ಣದ ಅಂಶವಿದೆ. ಪರಸಿ ಮೇಲೆ ಆ್ಯಸಿಡ್ ಬಿದ್ದರೆ ಬುಸುಗುಟ್ಟಿ ನೊರೆಯೇಳುವುದನ್ನು ನೋಡಿರಬಹುದು, ಪೈಪಿನ ಜೋಡಿನಲ್ಲೂ ಅದೇ ಆಗುತ್ತದೆ. ಬ್ಲೀಚಿಂಗ್ ಪುಡಿ ಹಾಕಿದ ಕಡೆ ಆ್ಯಸಿಡ್ ಬಿದ್ದರೆ ಕ್ಲೋರಿನ್ ಅನಿಲ ಏಳುತ್ತದೆ, ಮುಚ್ಚಿದ ಬಚ್ಚಲಿನಲ್ಲಿ ಅದು ಪ್ರಾಣಾಪಾಯ. ಬೇರಿಗೆ ಮೈಲುತುತ್ತ ಹಾಕಿ ಅನ್ನುವವರೂ ಇದ್ದಾರೆ. 25 ಫೂಟಿಗೆ ಬೋರ್ ಇರುವ ಮನೆಯಲ್ಲಿ ಅದನ್ನು ಯೋಚಿಸಲೂ ಬೇಡಿ. ಕುದಿಯುವ ನೀರು ಸುರಿದರೆ ಪಿವಿಸಿ ಮೆತ್ತಗಾಗಿ ಬಾಗುತ್ತದೆ. ಎಣ್ಣೆಗೆ ಕೈ ತಾಳುವಷ್ಟು ಬಿಸಿ ಸಾಕು.

ನಿಮ್ಮ ಮುಂದಿರುವ ದಾರಿಗಳು ಹೀಗೆ. ಮೊದಲನೆಯದು ಬರೀ ಸ್ವಚ್ಛ ಮಾಡಿಸುವುದು. ಖಾಲಿ ಇರುವ ಕೆಳಗಿನ ಚೇಂಬರಿನಿಂದ ಮನೆ ಕಡೆಗೆ ರಾಡ್ ಆಡಿಸಬೇಕು, ಆಗ ಸಡಿಲಾದದ್ದು ಹರಿವಿನ ಜೊತೆ ಕೆಳಗೇ ಬರುತ್ತದೆ. ಒಮ್ಮೆಲೇ ನುಗ್ಗುತ್ತದೆ, ಆಡಿಸುವವರು ಬಾಯಿಗೆ ನೇರ ನಿಲ್ಲಬಾರದು. ಬಿದಿರಿನ ದಬ್ಬೆ ಅಗ್ಗ, ಆದರೆ ಒಳಗೆ ಮುರಿದರೆ ಅದೇ ಹೊಸ ಅಡ್ಡಿ, ಅದರ ಮೊನೆ ಬಿಟ್ಟ ಜೋಡನ್ನು ಇನ್ನಷ್ಟು ಬಿಡಿಸುತ್ತದೆ. ಸ್ಪ್ರಿಂಗ್ ರಾಡಿಗೆ ಬೇರು ಕತ್ತರಿಸುವ ಅಲಗು ಸಿಕ್ಕಿಸಿದ್ದನ್ನು ಕೇಳಿ. ರಭಸದ ನೀರು ಹಾಯಿಸುವ ಜೆಟ್ಟಿಂಗ್ ಮಷಿನ್ ಕರೆಸಿದರೆ ಹಳೇ ಸ್ಟೋನ್‌ವೇರ್ ಲೈನ್ ಎಂದು ಮೊದಲೇ ಹೇಳಿ, ಒತ್ತಡ ಕಡಿಮೆ ಇಡಿಸಿ. ಬೇರು ಇದ್ದ ಕಡೆ ಸ್ವಚ್ಛ ಮಾಡುವುದು ಪರಿಹಾರವಲ್ಲ, ಗಡುವು ಅಷ್ಟೇ. ಕತ್ತರಿಸಿದ ಬೇರು ಮತ್ತೆ ಚಿಗುರುತ್ತದೆ.

ಸ್ವಚ್ಛವಾದ ಮೇಲೆ ಎರಡು ಪರೀಕ್ಷೆ ಮಾಡಿಸಿ, ಇದಕ್ಕೆ ಕ್ಯಾಮೆರಾ ಬೇಕಿಲ್ಲ. ಒಂದು ಚೇಂಬರಿನ ಪೈಪಿನ ಬಾಯಿಗೆ ಟಾರ್ಚ್ ಹಿಡಿಸಿ. ಇನ್ನೊಂದು ಚೇಂಬರಿನಲ್ಲಿ ಕೋಲಿಗೆ ಕಟ್ಟಿದ ಕನ್ನಡಿಯನ್ನು ಓರೆಯಾಗಿ ಇಳಿಸಿ ನೋಡಿ. ಪೂರ್ಣ ಚಂದ್ರನಂತೆ ದುಂಡು ಬೆಳಕು ಕಂಡರೆ ಲೈನ್ ನೆಟ್ಟಗಿದೆ. ಅರ್ಧಚಂದ್ರ ಕಂಡರೆ ನಡುವೆ ಪೈಪು ಹೊಟ್ಟೆ ಬಿಟ್ಟಿದೆ ಇಲ್ಲವೇ ಜೋಡು ಸರಿದಿದೆ. ಎರಡನೆಯದು ಸೋರಿಕೆಯದು: ಕೆಳಗಿನ ಚೇಂಬರಿಗೆ ಬರುವ ಪೈಪಿನ ಬಾಯನ್ನು ಗಾಳಿ ತುಂಬುವ ರಬ್ಬರ್ ಬಿರಡೆಯಿಂದ ಮುಚ್ಚಿ, ಮೇಲಿನ ಚೇಂಬರಿಗೆ ನೀರು ತುಂಬಿ, ಒಂದು ತಾಸು ನೆನೆಯಲು ಬಿಟ್ಟು, ಸೀಮೆಸುಣ್ಣದ ಗೆರೆ ಎಳೆದು ಅರ್ಧ ತಾಸು ಕಾಯಿರಿ. ಬಚ್ಚಲ ಮೋರಿಯ ಮಟ್ಟಕ್ಕಿಂತ ಮೇಲೆ ತುಂಬಬೇಡಿ, ಮನೆಯೊಳಗೆ ಬರುತ್ತದೆ. ಬೆರಳಷ್ಟು ಇಳಿದರೂ ಲೈನ್ ಸೋರುತ್ತಿದೆ.

ಎರಡನೆಯ ದಾರಿ, ನನ್ನ ಊಹೆ ನಿಜವಾದರೆ ನಿಮಗೆ ಸರಿಹೊಂದುವುದು, ಬೇವಿನ ಗಿಡದ ಹತ್ತಿರದ 10-12 ಫೂಟ್ ಮಾತ್ರ ಬದಲಿಸುವುದು. ಹಳೆಯ ಸ್ಟೋನ್‌ವೇರ್‌ಗೆ ಹೊಸ ಪಿವಿಸಿ ಕೂಡಿಸುವ ಜಾಗ ದುರ್ಬಲ. ಎರಡು ತುದಿಗೂ ಸಣ್ಣ ಚೇಂಬರ್ ಕಟ್ಟಿಸಿದರೆ ಆ ಜೋಡೇ ಬೇಡ, ಮುಂದೆ ರಾಡ್ ಆಡಿಸಲೂ ಸುಲಭ. ಮೂರನೆಯದು ಗೌಂಡಿ ಹೇಳಿದ ಪೂರಾ ಲೈನ್. ಕನ್ನಡಿಯಲ್ಲಿ ಎರಡು ಮೂರು ಕಡೆ ಸರಿದದ್ದು ಕಂಡರೆ, ಸೋರಿಕೆ ಬಹಳ ಇದ್ದರೆ ಅವರ ಮಾತೇ ಸರಿ, ತುಂಡು ತುಂಡಾಗಿ ರಿಪೇರಿ ಮಾಡಿಸುವುದು ದುಬಾರಿ.

ಯಾವುದೇ ಆಗಲಿ, ಅಗೆಯುವ ಮುಂಚೆ ಇಳಿಜಾರಿನ ಲೆಕ್ಕ ಹಾಕಿಸಿ. 4 ಇಂಚಿನ ಪೈಪಿಗೆ 40ಕ್ಕೆ 1, 6 ಇಂಚಿನದಕ್ಕೆ 60ಕ್ಕೆ 1. ಅಂದರೆ ನಿಮ್ಮ 40 ಫೂಟಿಗೆ 4 ಇಂಚಿನ ಪೈಪು 12 ಇಂಚು ಇಳಿಯಬೇಕು, 6 ಇಂಚಿನದು 8 ಇಂಚು ಇಳಿದರೆ ಸಾಕು. ರಸ್ತೆಯ ಚೇಂಬರಿನ ತಳ ಎಷ್ಟು ಆಳವಿದೆ ಎಂದು ಮೇಲಿಂದ ಕೋಲಿನಲ್ಲಿ ಅಳೆದು, ನೀರು ತುಂಬಿದ ಪಾರದರ್ಶಕ ನಳಿಗೆಯಿಂದ ಮಟ್ಟ ಹಿಡಿಸಿ. ಅಷ್ಟು ಇಳಿಜಾರು ಸಿಗದಿದ್ದರೆ 6 ಇಂಚಿನದೇ ಹಾಕಿಸಬೇಕು. ಕಣ್ಣಂದಾಜಿನಲ್ಲಿ ಹಾಕಿದ ಹೊಸ ಪೈಪು ಎರಡು ವರ್ಷಕ್ಕೆ ಹಳೆಯದರಂತೆಯೇ ಕಟ್ಟುತ್ತದೆ. ಅಂಗಡಿಯಲ್ಲಿ ಕೇಳುವಾಗ ನೆಲದಡಿಗೆ ಹಾಕುವ, ಐಎಸ್ 15328 ಗುರುತಿನ, ಎಸ್ಎನ್ 4 ಇಲ್ಲವೇ ಎಸ್ಎನ್ 8 (ಗಟ್ಟಿತನದ ದರ್ಜೆ) ಪೈಪು ಕೇಳಿ. ಟೈಪ್ ಎ ಎಂದು ಬರೆದ ತೆಳು ಪೈಪು ಮಳೆನೀರಿಗೆ ಮತ್ತು ವೆಂಟಿಗೆ, ಅದನ್ನು ಹೂಳಬಾರದು. ಎರೆಯಲ್ಲಿ ಅಂಟಿನ ಜೋಡಿಗಿಂತ ರಬ್ಬರ್ ರಿಂಗಿನ ಜೋಡು ಮೇಲು, ಮಣ್ಣು ಅಲುಗಿದಾಗ ಅದೂ ತುಸು ಅಲುಗುತ್ತದೆ. ರಿಂಗಿಗೆ ಸಾಬೂನು ನೀರು ಹಚ್ಚಿ, ಎಣ್ಣೆ-ಗ್ರೀಸ್ ಬೇಡ. ಪೈಪನ್ನು ತಳಮುಟ್ಟ ದೂಡಿ 10 ಮಿಲಿಮೀಟರ್ ಹಿಂದಕ್ಕೆ ಎಳೆಯಬೇಕು, ಬಿಸಿಲಿಗೆ ಹಿಗ್ಗಲು ಜಾಗ ಬೇಕಲ್ಲ. ತಿರುವಿನಲ್ಲಿ 90 ಡಿಗ್ರಿಯ ಒಂದು ಬೆಂಡ್ ಬದಲು 45ರ ಎರಡು.

ಪೈಪಿನ ಅಡಿಯ ಎರೆಯನ್ನು 6 ಇಂಚು ಹೆಚ್ಚಿಗೆ ತೆಗೆಸಿ ದಪ್ಪ ಉಸುಕು ತುಂಬಿಸಿ. ಎರಡೂ ಪಕ್ಕ, ಮೇಲೆ ಅರ್ಧ ಫೂಟ್ ಅದೇ ಇರಲಿ. ಅಗೆದ ಕರಿ ಮಣ್ಣನ್ನೇ ಪೈಪಿನ ಮೇಲೆ ದೂಡುವುದು ನಾನು ಕಂಡ ಸಾಮಾನ್ಯ ತಪ್ಪು, ಹಳೆ ಕಥೆ ಮತ್ತೆ ಶುರುವಾಗುವುದು ಅಲ್ಲೇ. ಉಸುಕಿನ ಮೇಲೆ ಮುರುಮ (ಗರಸು ಮಣ್ಣು) ಹಾಕಿ ದಮ್ಮಸು ಮಾಡಿಸದಿದ್ದರೆ ಮಳೆನೀರು ಆ ಉಸುಕಿನ ಹಾದಿ ಹಿಡಿದು ಅಡಿಪಾಯದ ಕಡೆ ಹೋಗುತ್ತದೆ.

ಮಾಳಿಗೆಯ ಮಳೆನೀರನ್ನು ಈ ಲೈನಿಗೆ ಕೂಡಿಸಿದ್ದರೆ ಈಗಲೇ ಬಿಡಿಸಿ. ದೊಡ್ಡ ಮಳೆಗೆ ಚೇಂಬರ್ ಉಕ್ಕುವುದು ಬಹಳ ಮನೆಗಳಲ್ಲಿ ಇದರಿಂದಲೇ. ಯುಜಿಡಿ ಬರುವ ಮುಂಚೆ ಸೆಪ್ಟಿಕ್ ಟ್ಯಾಂಕ್ ಇದ್ದ ಮನೆಯಾದರೆ, ಲೈನ್ ಇನ್ನೂ ಆ ಹಳೇ ಟ್ಯಾಂಕಿನೊಳಗೆ ಹಾದು ಹೋಗುತ್ತಿದೆಯೇ ಎಂದೂ ನೋಡಿಸಿ; ಹೂಳು ತುಂಬಿದ ಟ್ಯಾಂಕು ನಡುದಾರಿಯಲ್ಲಿ ಕೂತು ಇದೇ ಗುಳುಗುಳು ಹುಟ್ಟಿಸುತ್ತದೆ.

ಒಂದು ವಿಷಯದಲ್ಲಿ ಮಾತ್ರ ನಿಮ್ಮನ್ನು ಕೈಮುಗಿದು ಕೇಳುತ್ತೇನೆ. ಯಾರನ್ನೂ ಚೇಂಬರಿನೊಳಗೆ, ಮ್ಯಾನ್‌ಹೋಲಿನೊಳಗೆ, ಟ್ಯಾಂಕಿನೊಳಗೆ ಇಳಿಸಬೇಡಿ. "ನಾ ಇಳೀತೀನ್ರಿ, ಐದು ನಿಮಿಷದ ಕೆಲಸ" ಎಂದು ಅವರೇ ಮುಂದೆ ಬಂದರೂ ಬೇಡ. ಕೊಳೆತ ಮೊಟ್ಟೆಯಂತೆ ನಾರುವ ಹೈಡ್ರೋಜನ್ ಸಲ್ಫೈಡ್ ಹೆಚ್ಚಾದಾಗ ಮೂಗೇ ಮರಗಟ್ಟಿ ವಾಸನೆ ಇಲ್ಲವಾಗುತ್ತದೆ. ವಾಸನೆ ಹೋಯಿತೆಂದು ಇಳಿದವರು ಮೇಲೆ ಬರುವುದಿಲ್ಲ, ಎತ್ತಲು ಇಳಿದ ಎರಡನೆಯವರೂ ಬರುವುದಿಲ್ಲ. ಮಲ ಹೊರುವ ಪದ್ಧತಿ ತಡೆಯುವ 2013ರ ಕಾಯ್ದೆ ರಕ್ಷಣಾ ಸಾಧನವಿಲ್ಲದೆ ಹೀಗೆ ಇಳಿಸುವುದನ್ನು ನಿಷೇಧಿಸಿದೆ, ಇಳಿಸಿದ ಮನೆಯವರೂ ಅಪರಾಧಿಗಳೇ. ಮೇಲಿಂದ ಆಗದ ಕೆಲಸಕ್ಕೆ ಸಕ್ಕಿಂಗ್ ಮಷಿನ್ ಕರೆಸಿ. 14420 ಸಹಾಯವಾಣಿ ಇರುವುದು ಇದಕ್ಕೇ.

ಕೆಲಸವಾದ ಮೇಲೆ ಪರಸಿಯನ್ನು ಕೂಡಲೇ ಸಿಮೆಂಟ್ ಹಾಕಿ ಕೂರಿಸಬೇಡಿ. ಈ ಮಳೆಗಾಲ ಪೂರ್ತಿ ಬರೀ ಉಸುಕಿನ ಮೇಲೆ ಸಡಿಲಾಗಿ ಇರಲಿ. ಮುರುಮ ಇಳಿಯುವಷ್ಟು ಇಳಿಯುತ್ತದೆ, ತಗ್ಗಾದಲ್ಲಿ ಎತ್ತಿ ತುಂಬಲು ಬರುತ್ತದೆ. ದೀಪಾವಳಿ ಹೊತ್ತಿಗೆ ಎರಡೂ ಚೇಂಬರಿನ ಮುಚ್ಚಳವನ್ನು ಪರಸಿಯ ಮಟ್ಟಕ್ಕೆ ಎತ್ತರಿಸಿ, ಕೈಯಿಂದ ಎತ್ತುವ ಕೊಂಡಿ ಇಡಿಸಿ, ಆಮೇಲೆ ಸಂದು ತುಂಬಿಸಿ. ಬೋರ್‌ನ ನೀರನ್ನು ಲೈನ್ ಸರಿಯಾದ ಒಂದು ತಿಂಗಳಿಗೆ ಮತ್ತೊಮ್ಮೆ, ಮಳೆ ಮುಗಿದ ಮೇಲೆ ಇನ್ನೊಮ್ಮೆ ಪರೀಕ್ಷೆ ಮಾಡಿಸಿ, ಎರಡರಲ್ಲೂ ಇ. ಕೋಲಿ ಇಲ್ಲ, ನೈಟ್ರೇಟ್ 45ರ ಒಳಗಿದೆ ಎಂದು ಬಂದ ಮೇಲೆಯೇ ಆ ನೀರನ್ನು ಕುದಿಸದೆ ಕುಡಿಯಲು ಶುರುಮಾಡಿ.